ನಲವತ್ತೈದು ದಿನದ ಮರಿಯ ಬೆಲೆ

2025ರ ಮಾರ್ಚ್ ತಿಂಗಳಿನಲ್ಲಿ ಬಂದ ಒಂದು ಸುದ್ದಿ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಬೆಂಗಳೂರಿನ ಶ್ವಾನಪ್ರಿಯರೊಬ್ಬರು ತೋಳ ಮತ್ತು ನಾಯಿಯ ಸಂಕರದಿಂದ ಹುಟ್ಟಿತೆನ್ನಲಾದ ಒಂದು ಮರಿಯನ್ನು 50 ಕೋಟಿ ರೂಪಾಯಿ ಕೊಟ್ಟು ತರಿಸಿಕೊಂಡಿದ್ದಾರೆಂದು ಪತ್ರಿಕೆಗಳೂ ಟಿ.ವಿ. ವಾಹಿನಿಗಳೂ ಸಾರಿದವು. ಏಪ್ರಿಲ್‌ನಲ್ಲಿ ಜಾರಿ ನಿರ್ದೇಶನಾಲಯದ ಅಧಿಕಾರಿಗಳು ಅವರ ಮನೆ ಬಾಗಿಲಿಗೆ ಹೋದರು. ಅಷ್ಟು ದೊಡ್ಡ ಮೊತ್ತ ಸಂದಾಯವಾದ ಕುರುಹು ಸಿಗಲಿಲ್ಲವೆಂದೂ, 50 ಕೋಟಿಯ ಮಾತಿನಲ್ಲಿ ಹುರುಳಿಲ್ಲವೆಂದೂ ಅದೇ ಪತ್ರಿಕೆಗಳು ಆಮೇಲೆ ಬರೆದವು. ನಾಯಿಯ ಸುದ್ದಿಯಾಗಿ ಹುಟ್ಟಿದ್ದು ಕೊನೆಗೆ ದುಡ್ಡಿನ ಸುದ್ದಿಯಾಗಿ ಮುಗಿಯಿತು. ಓದಿ ನಕ್ಕು ಮಡಿಸಿಟ್ಟೆ.

ಆದರೆ ಈ ಬೆಲೆಯ ಹುಚ್ಚು ಕೋಟಿಗಳಲ್ಲಿ ಎಣಿಸುವವರಿಗೆ ಮಾತ್ರ ಹತ್ತಿದ್ದಲ್ಲ. ನನ್ನ ಶಿಷ್ಯನೊಬ್ಬ, 1996ರಲ್ಲಿ ಹತ್ತನೆಯ ತರಗತಿ ಮುಗಿಸಿದ ತಂಡದವನು, ಕಳೆದ ತಿಂಗಳು ದೂರವಾಣಿ ಮಾಡಿದ್ದ. ಬೆಂಗಳೂರಿನಲ್ಲಿ ಒಳ್ಳೆಯ ಉದ್ಯೋಗ, ಏಳನೆಯ ಮಹಡಿಯಲ್ಲಿ ಸ್ವಂತ ಮನೆ, ಹತ್ತು ತುಂಬಲಿರುವ ಒಬ್ಬಳೇ ಮಗಳು. "ಸಾರ್, ಮಗಳ ಹುಟ್ಟುಹಬ್ಬಕ್ಕೆ ಒಂದು ಹಸ್ಕಿ ಮರಿ ತರೋಣ ಅಂತಿದೀನಿ. ನಲವತ್ತೈದು ದಿನದ್ದು. ನಲವತ್ತೈದು ಸಾವಿರ ಹೇಳ್ತಿದಾರೆ. ನನ್ನ ಹೆಂಡತಿ ಬೇಡ, ಯಾವುದಾದರೂ ಆಶ್ರಯಧಾಮದಿಂದ ಒಂದು ನಾಯಿ ತರೋಣ, ದುಡ್ಡೂ ಉಳಿಯತ್ತೆ ಅಂತಾಳೆ. ನೀವೇ ಹೇಳಿ ಸಾರ್" ಎಂದ. ಗಂಡ ಹೆಂಡಿರ ನಡುವೆ ನ್ಯಾಯ ಹೇಳಲು ಹೋಗುವುದು ನಿವೃತ್ತ ಮೇಷ್ಟರಿಗೆ ಕ್ಷೇಮವಲ್ಲ. ಆದರೂ ಅವನು ಕೇಳಿದ್ದಾನೆ. ಇಂಥದೇ ಪ್ರಶ್ನೆ ಬಂಧುಗಳ ಪೈಕಿ ಇನ್ನೂ ಎರಡು ಮನೆಗಳಲ್ಲಿ ಎದ್ದಿದೆ. ಆದ್ದರಿಂದ ಎಲ್ಲರಿಗೂ ಸೇರಿಸಿ ಇಲ್ಲಿಯೇ ಬರೆಯುತ್ತಿದ್ದೇನೆ.

ಮೂವತ್ತೊಂದು ವರ್ಷ ಲೆಕ್ಕ ಕಲಿಸಿದವನು ನಾನು. ಮೊದಲು ಲೆಕ್ಕವನ್ನೇ ನೋಡೋಣ. ಅಂದು ದೂರವಾಣಿಯಲ್ಲಿಯೇ ಅವನಿಂದ ಕಾಗದ ಪೆನ್ಸಿಲ್ ತರಿಸಿದೆ (ಹಳೆಯ ಅಭ್ಯಾಸ!). ಅವನ ನೆರೆಯ ಮನೆಯಲ್ಲಿ ಆಗಲೇ ಒಂದು ಹಸ್ಕಿ ಇದೆ. ಅವರು ಹೇಳಿದ ಖರ್ಚನ್ನೇ ಹಿಡಿದೆವು. ಆಹಾರ, ಚುಚ್ಚುಮದ್ದು ಮತ್ತು ವೈದ್ಯರ ಖರ್ಚು, ಆ ದಟ್ಟ ಕೂದಲನ್ನು ಬಾಚಿ ತೊಳೆಸುವ ಖರ್ಚು, ಬೇಸಗೆಯಲ್ಲಿ ಅದಕ್ಕಾಗಿಯೇ ಓಡುವ ಏ.ಸಿ.ಯ ವಿದ್ಯುತ್ತು, ಊರಿಗೆ ಹೋದಾಗ ಬಿಟ್ಟು ಹೋಗುವ ಜಾಗದ ಬಾಡಿಗೆ ಎಲ್ಲ ಸೇರಿ ತಿಂಗಳಿಗೆ ಸರಾಸರಿ 6,500 ರೂಪಾಯಿ. ವರ್ಷಕ್ಕೆ 78,000. ನಾಯಿ ಹನ್ನೆರಡು ವರ್ಷ ಬದುಕಿತೆಂದರೆ 9,36,000. ಇದಕ್ಕೆ ಕೊಂಡ ಬೆಲೆ 45,000 ಸೇರಿಸಿದರೆ 9,81,000 ರೂಪಾಯಿ. ಅಂದರೆ ಯಾವ ಮೊತ್ತಕ್ಕಾಗಿ ಗಂಡ ಹೆಂಡತಿ ವಾದ ಮಾಡುತ್ತಿದ್ದರೋ ಅದು ಇಡೀ ಖರ್ಚಿನ ಇಪ್ಪತ್ತರಲ್ಲಿ ಒಂದು ಪಾಲೂ ಅಲ್ಲ! ಅದೇ ಒಂದು ನಾಡನಾಯಿಗೆ, ಮನೆಯ ಅನ್ನ, ಮೊಟ್ಟೆ, ಒಂದಿಷ್ಟು ಕೋಳಿ, ಮುದ್ದೆಯ ಚೂರು, ಚುಚ್ಚುಮದ್ದು ಎಲ್ಲ ಹಿಡಿದು ತಿಂಗಳಿಗೆ 3,000 ಎಂದರೂ ಹನ್ನೆರಡು ವರ್ಷಕ್ಕೆ 4,32,000 ರೂಪಾಯಿ ಆಗುತ್ತದೆ.

ಈ ಎರಡು ಮೊತ್ತಗಳ ಅಂತರ ಸಣ್ಣದಲ್ಲ, ನಿಜ. ಆದರೆ ನಾನು ಅವನಿಗೆ ತೋರಿಸಬೇಕೆಂದಿದ್ದ ಸಂಗತಿ ಬೇರೆ. "ದತ್ತು ತಂದರೆ ನಾಯಿ ಬಿಟ್ಟಿ ಸಿಗುತ್ತದೆ" ಎಂಬ ಮಾತು ತಪ್ಪು. ಯಾವ ನಾಯಿಯೂ ಬಿಟ್ಟಿಯಲ್ಲ. ದುಡ್ಡು ಉಳಿಸಲು ನಾಯಿಯನ್ನು ದತ್ತು ತರುವವರು ಮೊದಲ ಸಲ ಉಣ್ಣಿ ಜ್ವರಕ್ಕೆ ಚಿಕಿತ್ಸೆ ಕೊಡಿಸಿದ ದಿನವೇ ನಿರಾಶರಾಗುತ್ತಾರೆ. ನನ್ನ ಶಿಷ್ಯನ ಹೆಂಡತಿ ಹೇಳಿದ ತೀರ್ಮಾನ ಸರಿ. ಅದಕ್ಕೆ ಆಕೆ ಕೊಟ್ಟ ಕಾರಣ ಮಾತ್ರ ಸಾಲದು. ಉಳಿಯುವ ಹಣಕ್ಕಿಂತ ಕೊಟ್ಟ ಹಣ ಎಲ್ಲಿಗೆ ಹೋಗುತ್ತದೆ, ಹೋಗಿ ಏನು ಮಾಡುತ್ತದೆ ಎಂಬುದನ್ನು ನೋಡಬೇಕು.

ಅದನ್ನು ನಾನು ತಿಳಿದುಕೊಂಡದ್ದು ರಾಣಿಯಿಂದ.

ರಾಣಿ ಎಂದರೆ ನನ್ನ ತಮ್ಮನ ಮಗಳ ಮನೆಯ ಲ್ಯಾಬ್ರಡಾರ್. ಇಲ್ಲಿಯೇ ಮೈಸೂರಿನಲ್ಲಿ ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆ ಅವರಿದ್ದಾರೆ. ನಾಲ್ಕು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಆಶ್ರಯಧಾಮದಿಂದ ಅವಳನ್ನು ತಂದರು. ಯಾರೋ ರಾತ್ರಿ ಆ ಧಾಮದ ಗೇಟಿಗೆ ಹಗ್ಗದಿಂದ ಕಟ್ಟಿ ಹೋಗಿದ್ದರಂತೆ. ಹಲ್ಲು ನೋಡಿ ವೈದ್ಯರು ಐದಾರು ವರ್ಷವೆಂದರು. ತಂದ ಮರುದಿನ ನಾನು ನೋಡಲು ಹೋದೆ. ಮೊಲೆಗಳು ಜೋತು ಬಿದ್ದಿದ್ದವು. ಹೊಟ್ಟೆಯ ಮೇಲೆ ಶಸ್ತ್ರಚಿಕಿತ್ಸೆಯ ಹೊಲಿಗೆಯ ಗುರುತು ಒಂದರ ಪಕ್ಕ ಒಂದು ಎರಡಿದ್ದವು. ಉಗುರುಗಳು ಬೆಳೆದು ಸುರುಳಿ ಸುತ್ತಿದ್ದವು. ನಡೆದಾಡುವ ನಾಯಿಗೆ ಹಾಗೆ ಬೆಳೆಯುವುದಿಲ್ಲ, ನೆಲಕ್ಕೆ ಉಜ್ಜಿ ಸವೆಯುತ್ತವೆ. ಒದ್ದೆ ನೆಲದಲ್ಲಿ ಮಲಗಿ ಮಲಗಿ ತೊಡೆಯ ಕೂದಲು ಉದುರಿ ಚರ್ಮ ಬೆಂದಂತಾಗಿತ್ತು. ಅಂಗಳದಲ್ಲಿ ಹುಲ್ಲಿತ್ತು. ಸಿಮೆಂಟಿನ ಅಂಚಿನವರೆಗೆ ಬಂದು ಹುಲ್ಲಿನ ಮೇಲೆ ಕಾಲಿಡದೆ ನಿಂತಳು. ಎರಡು ವಾರ ಹಾಗೆಯೇ ನಿಲ್ಲುತ್ತಿದ್ದಳು. ಹುಲ್ಲು ಎಂದರೇನೆಂದು ಅವಳಿಗೆ ಗೊತ್ತಿರಲಿಲ್ಲ.

ವೈದ್ಯರು ನೋಡಿ ಹೇಳಿದ್ದು ಇಷ್ಟೆ: ಮರಿ ಹಾಕಿಸಲೆಂದೇ ಇಟ್ಟುಕೊಂಡಿದ್ದ ನಾಯಿ ಇದು, ಇನ್ನು ಮರಿ ಆಗುವುದಿಲ್ಲವೆಂದು ತಿಳಿದ ಮೇಲೆ ಬಿಟ್ಟಿದ್ದಾರೆ.

ಇಲ್ಲಿಯೂ ಒಂದು ಲೆಕ್ಕವಿದೆ. ಹೆಣ್ಣುನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ಗರ್ಭದ ಅವಧಿ ಸುಮಾರು 63 ದಿನ. ಪ್ರತಿ ಬೆದೆಯಲ್ಲಿಯೂ ಕಟ್ಟಿಸಿ, ಸೂಲಿಗೆ ಆರು ಮರಿಯೆಂದು ಹಿಡಿದು, ಮರಿಗೆ 20,000 ರೂಪಾಯಿಯಂತೆ ಮಾರಿದರೆ ವರ್ಷಕ್ಕೆ 2,40,000 ರೂಪಾಯಿ. ಐದು ವರ್ಷಕ್ಕೆ ಹನ್ನೆರಡು ಲಕ್ಷ. ಮನೆಯ ಹಿಂದಿನ ಶೆಡ್ಡಿನಲ್ಲಿ ಇಂಥ ನಾಲ್ಕು ನಾಯಿಗಳಿದ್ದರೆ ಯಾವ ಜಮೀನೂ ಕೊಡದ ಆದಾಯ ಅದು. ಆರನೆಯ ವರ್ಷಕ್ಕೆ ಆ ತಾಯಿಯ ಬೆಲೆ ಸೊನ್ನೆ. ಅದಕ್ಕಿಂತ ಕಡಿಮೆ ಎನ್ನಬೇಕು, ಏಕೆಂದರೆ ಇನ್ನು ಮುಂದೆ ಅದಕ್ಕೆ ಹಾಕುವ ಅನ್ನ ನಷ್ಟದ ಬಾಬತ್ತು. ಆಗ ಉಳಿದಿರುವುದು ಒಂದು ಹಗ್ಗ ಮತ್ತು ಯಾರದೋ ಗೇಟು.

ರಾಣಿಯೂ ಒಂದು ಕಾಲಕ್ಕೆ ನಲವತ್ತೈದು ದಿನದ ಮರಿಯಾಗಿದ್ದವಳು. ಆಗ ಅವಳಿಗೂ ಸಾವಿರಗಳ ಬೆಲೆ ಇದ್ದಿರಬೇಕು. ಅದೇ ತಳಿ, ಅದೇ ರಕ್ತ, ಅದೇ ಜೇನುಬಣ್ಣದ ಮೈ. ಆರು ವರ್ಷದಲ್ಲಿ ಬೆಲೆ ಮಾತ್ರ ಇಲ್ಲವಾಯಿತು. ಹಾಗಾದರೆ ನಾವು ಎಣಿಸಿ ಕೊಡುವ ಹಣ ಲ್ಯಾಬ್ರಡಾರಿಗಂತೂ ಅಲ್ಲ. ಅಂಗೈಯಲ್ಲಿ ಹಿಡಿಯಬಹುದಾದ, ಛಾಯಾಚಿತ್ರಕ್ಕೆ ಚೆನ್ನಾಗಿ ಕಾಣುವ ಕೆಲವೇ ವಾರಗಳಿಗೆ ನಾವು ಕೊಡುವ ಬೆಲೆ ಅದು. "ದೊಡ್ಡಪ್ಪ, ಇವಳ ಮರಿಗಳು ಎಲ್ಲೆಲ್ಲಿ ಬೆಳೀತಿವೆಯೋ. ಕೇಕ್ ಕತ್ತರಿಸಿ ಅವುಗಳ ಹುಟ್ಟುಹಬ್ಬ ಮಾಡೋರೂ ಇರ್ತಾರೆ. ಅವರಿಗೆ ಇವಳು ಒಬ್ಬಳು ಇದ್ದಾಳೆ ಅಂತ ಗೊತ್ತೇ ಇಲ್ಲ" ಎಂದು ನನ್ನ ತಮ್ಮನ ಮಗಳು ಒಮ್ಮೆ ಹೇಳಿದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಕೊಳ್ಳುವವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರು ಬಹುಮಟ್ಟಿಗೆ ಮಕ್ಕಳ ಮೇಲಿನ ಪ್ರೀತಿಯಿಂದ ಕೊಳ್ಳುತ್ತಾರೆ. ಮರಿಯನ್ನೂ ಪ್ರೀತಿಯಿಂದಲೇ ಸಾಕುತ್ತಾರೆ. ಆದರೆ ಮಾರುವವನು ಮರಿಯನ್ನು ಬುಟ್ಟಿಯಲ್ಲಿಟ್ಟು ನಿಮ್ಮ ಮನೆಗೇ ತಂದುಕೊಡುವುದು ನಿಮ್ಮ ಅನುಕೂಲಕ್ಕಾಗಿ ಅಲ್ಲ. ನೀವು ಅವನ ಮನೆಯ ಹಿಂಭಾಗವನ್ನು ನೋಡಬಾರದೆಂದು.

ಕಾನೂನು ಇಲ್ಲವೇ ಎಂದು ಕೇಳುವಿರಿ. ಇದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ 2017ರಲ್ಲಿ ಕೇಂದ್ರ ಸರ್ಕಾರ ನಾಯಿಗಳ ತಳಿ ಸಂವರ್ಧನೆ ಮತ್ತು ಮಾರಾಟಕ್ಕೆ ಪ್ರತ್ಯೇಕ ನಿಯಮಗಳನ್ನೇ ತಂದಿತು. ಮರಿ ಹಾಕಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಹದಿನೆಂಟು ತಿಂಗಳು ತುಂಬದ ಹೆಣ್ಣುನಾಯಿಯನ್ನು ಕಟ್ಟಿಸಬಾರದು. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಕೂಡದು. ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಎಂಟು ವಾರವೆಂದರೆ 56 ದಿನ. ನನ್ನ ಶಿಷ್ಯನಿಗೆ ತೋರಿಸಿದ್ದು 45 ದಿನದ ಮರಿ. ಏಳನೆಯ ತರಗತಿಯ ಹುಡುಗನೂ ಮಾಡಬಹುದಾದ ಕಳೆಯುವ ಲೆಕ್ಕ. ಆ ಹನ್ನೊಂದು ದಿನಗಳಲ್ಲಿ ಏನಿದೆ ಎನ್ನಬೇಡಿ. ಮರಿ ಆಟದಲ್ಲಿ ಒಡಹುಟ್ಟಿದ ಮರಿಗಳನ್ನು ಕಚ್ಚಿ, ಅವುಗಳಿಂದ ಕಚ್ಚಿಸಿಕೊಂಡು, ಎಷ್ಟು ಬಿಗಿಯಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಕಲಿಯುವುದು ಆಗಲೇ. ತಾಯಿ ಗದರಿಸಿ ಶಿಸ್ತು ಕಲಿಸುವುದೂ ಆಗಲೇ. ಶಾಲೆ ಬಿಡಿಸಿ ತಂದ ಮಗುವಿನಂತೆ ಬಂದ ಮರಿ ಆಮೇಲೆ ಮನೆಯ ಮಕ್ಕಳ ಕೈ ಕಚ್ಚಿದರೆ "ಈ ಜಾತಿಯೇ ಹೀಗೆ" ಎನ್ನುತ್ತೇವೆ. ಮಾರುವವನಿಗಾದರೋ ಮರಿ ಬೆಳೆದಷ್ಟೂ ಅಂದ ಇಳಿಯುತ್ತದೆ, ಮೇವಿನ ಖರ್ಚು ಏರುತ್ತದೆ.

ಇನ್ನು ಯಾವ ತಳಿ ಬೇಕೆಂಬುದು. ಇದನ್ನು ನಾವೇ ಆರಿಸುತ್ತೇವೆಂದು ತಿಳಿದಿದ್ದೇವೆ. 2003ರಲ್ಲಿ ಹಚ್ ಕಂಪನಿಯ ಮೊಬೈಲ್ ಜಾಹೀರಾತಿನಲ್ಲಿ ಒಬ್ಬ ಹುಡುಗನ ಹಿಂದೆ ಹಿಂದೆಯೇ ಹೋಗುವ ಪಗ್ ನಾಯಿ ಬಂತು. ನಾನು ಆಗಿನ್ನೂ ಸೇವೆಯಲ್ಲಿದ್ದೆ. ಹಳ್ಳಿಯಿಂದ ಬರುತ್ತಿದ್ದ ಮಕ್ಕಳಿಗೂ ಆ ನಾಯಿ ಗೊತ್ತಿತ್ತು. ಮುಂದೆ ನಮ್ಮ ಬಡಾವಣೆಯಲ್ಲಿಯೇ ನಾಲ್ಕಾರು ಪಗ್‌ಗಳು ಬಂದವು. ಆ ಚಪ್ಪಟೆ ಮುಖ ನೋಡಲು ಮುದ್ದು. ಒಳಗೆ ಮೂಗಿನ ದಾರಿಯೇ ಕಿರಿದು. ನಾಯಿ ಮೈಯನ್ನು ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ತೇಕುವುದರಿಂದ. ಮೂಗು ಮೊಟಕಾದ ನಾಯಿಗೆ ತೇಕುವುದೇ ಪ್ರಯಾಸ. ಏಪ್ರಿಲ್ ತಿಂಗಳ ಸಂಜೆ ನಮ್ಮ ಬೀದಿಯಲ್ಲಿ ಒಂದು ಪಗ್ ಹೋಗುತ್ತಿದ್ದರೆ ಗೊರಕೆಯಂಥ ಸದ್ದು ಒಳಮನೆಯವರೆಗೆ ಕೇಳುತ್ತಿತ್ತು. ಅದನ್ನು ಸಾಕಿದವರು "ಅದು ಹಾಗೆಯೇ ಉಸಿರಾಡುವುದು" ಎಂದು ನಗುತ್ತಿದ್ದರು. ಹಸ್ಕಿಯ ಕಥೆ ಇನ್ನೊಂದು ಬಗೆ. ಸೈಬೀರಿಯಾದ ಹಿಮದಲ್ಲಿ ಜಾರುಬಂಡಿ ಎಳೆಯಲು ಚುಕ್ಚಿ ಜನ ಬೆಳೆಸಿದ ನಾಯಿ ಅದು. ಎರಡು ಪದರ ಕೂದಲು, ದಿನವಿಡೀ ಓಡುವ ಚೈತನ್ಯ. ಅದನ್ನು ಏಳನೆಯ ಮಹಡಿಗೆ ಲಿಫ್ಟಿನಲ್ಲಿ ಒಯ್ದು, ಬಾಲ್ಕನಿಯ ಸರಳಿನಿಂದ ಕೆಳಗೆ ನೋಡುತ್ತ ಕೂರಿಸುವುದಕ್ಕೆ 45,000 ರೂಪಾಯಿ ಕೊಡಬೇಕೆ?

2022ರಲ್ಲಿ '777 ಚಾರ್ಲಿ' ಬಂತು. ನೀವೆಲ್ಲ ನೋಡಿದ್ದೀರಿ, ನಮ್ಮ ಮನೆಯವರೂ ಅತ್ತು ಬಂದರು. ಮರಿಗಳನ್ನು ಹೇಗೆಂದರೆ ಹಾಗೆ ಹುಟ್ಟಿಸಿ ಮಾರುವವನ ಬಳಿಯಿಂದ ತಪ್ಪಿಸಿಕೊಂಡು ಬಂದ ಲ್ಯಾಬ್ರಡಾರಿನ ಕಥೆ ಅದು. ಆ ವ್ಯಾಪಾರದ ಕೇಡನ್ನೇ ಅದು ಎತ್ತಿ ತೋರಿಸುತ್ತದೆ. ಚಿತ್ರ ನೋಡಿದ ಮರುವಾರವೇ ನನ್ನ ಬಂಧುವೊಬ್ಬರ ಮಗ ತನಗೂ ಒಂದು 'ಚಾರ್ಲಿ' ಬೇಕೆಂದು ಹಟ ಹಿಡಿದ. ಹದಿನೈದು ದಿನದೊಳಗೆ ಮರಿ ಮನೆಗೆ ಬಂತು. ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ!

"ವಿದೇಶಿ ತಳಿ ಬೇಡ, ನಮ್ಮ ಮುಧೋಳ ನಾಯಿಯನ್ನೇ ತರುತ್ತೇವೆ" ಎನ್ನುವವರೂ ಈಗ ಹೆಚ್ಚಾಗಿದ್ದಾರೆ. ಮುಧೋಳದ ಬಗ್ಗೆ ಹೆಮ್ಮೆ ನನಗೂ ಉಂಟು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿ ತಂದಾಗ ಒಂದು ಹಾಳೆ ಕೊಂಡು ಮಕ್ಕಳಿಗೆ ತೋರಿಸಿದ್ದೆ. 2020ರ ಆಗಸ್ಟ್ ತಿಂಗಳ 'ಮನದ ಮಾತು' ಭಾಷಣದಲ್ಲಿ ಪ್ರಧಾನಿಯವರು ದೇಸಿ ತಳಿಗಳನ್ನು ಹೆಸರಿಸಿದ ಮೇಲೆ ಅದರ ಕೀರ್ತಿ ಇನ್ನೂ ಹಬ್ಬಿತು. ಬಾಗಲಕೋಟೆ ಜಿಲ್ಲೆಯ ಬಯಲಿನಲ್ಲಿ ಮೊಲದ ಹಿಂದೆ ಬಾಣದಂತೆ ಓಡಲು, ಹೊಲ ಮತ್ತು ಹಟ್ಟಿ ಕಾಯಲು ಬೆಳೆದ ನಾಯಿ ಅದು. ಅಲ್ಲಿನ ಹಲವು ಕುಟುಂಬಗಳಿಗೆ ಅದರ ಮರಿಗಳೇ ಜೀವನೋಪಾಯ. ಆ ಕುಟುಂಬಗಳಿಂದ ಒಬ್ಬ ರೈತ ಮರಿಯನ್ನು ಕೊಂಡು ತೋಟ ಕಾಯಲು ಬಿಟ್ಟುಕೊಂಡರೆ ನನ್ನ ಆಕ್ಷೇಪವಿಲ್ಲ. ಆದರೆ ಎರಡು ಕೊಠಡಿಯ ಮನೆಯಲ್ಲಿ ಸೋಫಾದ ಕಾಲಿಗೆ ಕಟ್ಟಿದರೆ, ದೇಸಿ ಎಂಬ ಹೆಮ್ಮೆಯಿಂದ ಆ ನಾಯಿಯ ಕಾಲಿಗೆ ಏನು ಸಮಾಧಾನ?

ಎದುರುವಾದವನ್ನೂ ಕೇಳಬೇಕು. ನನ್ನ ಶಿಷ್ಯ ಹೇಳಿದ ಮಾತಿನಲ್ಲಿ ತೂಕವಿದ್ದದ್ದು ಒಂದು: "ಸಾರ್, ತಳಿಯ ನಾಯಿ ಆದರೆ ಸ್ವಭಾವ ಮೊದಲೇ ಗೊತ್ತಿರತ್ತೆ. ಬೀದಿಯಿಂದ ಬಂದದ್ದು ಹೇಗಿರತ್ತೋ, ಮನೇಲಿ ಮಗು ಇದೆ." ತಂದೆಯಾದವನು ಕೇಳಬೇಕಾದ ಪ್ರಶ್ನೆಯೇ ಇದು. ತಳಿಯಿಂದ ಕೆಲವು ಸಂಗತಿ ತಿಳಿಯುತ್ತದೆ ಎಂಬುದು ಸತ್ಯ. ಬೆಳೆದರೆ ಎಷ್ಟು ದೊಡ್ಡದಾಗುತ್ತದೆ, ಎಷ್ಟು ಓಡಿಸಬೇಕು, ಕೂದಲು ಎಷ್ಟು ಉದುರುತ್ತದೆ, ಇಷ್ಟನ್ನು ಹೇಳಬಹುದು. ಅಷ್ಟರಿಂದ ಒಂದು ಮರಿಯ ಸ್ವಭಾವವನ್ನು ಓದಲಾಗದು. ಒಂದೇ ತಾಯಿಯ ಆರು ಮರಿಗಳಲ್ಲಿ ಆರು ಬಗೆ. ಆದರೆ ಆಶ್ರಯಧಾಮದಲ್ಲಿರುವ ಎರಡು ಮೂರು ವರ್ಷದ ನಾಯಿ ತನ್ನ ಸ್ವಭಾವವನ್ನು ಎದುರಿಗೇ ತೆರೆದಿಟ್ಟಿರುತ್ತದೆ. ಮಕ್ಕಳನ್ನು ಕಂಡರೆ ಬಾಲ ಆಡಿಸುತ್ತದೆಯೋ ಹಿಂಜರಿಯುತ್ತದೆಯೋ, ತಟ್ಟೆಗೆ ಕೈ ಹಾಕಿದರೆ ಗುರುಗುಟ್ಟುತ್ತದೆಯೋ, ಬೇರೆ ನಾಯಿಗಳೊಂದಿಗೆ ಹೊಂದುತ್ತದೆಯೋ ಎಂಬುದನ್ನು ಅದಕ್ಕೆ ದಿನವೂ ಅನ್ನ ಹಾಕುವವರು ಹೇಳಬಲ್ಲರು. ನಾಲ್ಕು ಭಾನುವಾರ ಹೋಗಿ ಮಗಳೊಡನೆ ಅದನ್ನು ಸುತ್ತಾಡಿಸಿ ನೋಡು ಎಂದೆ. ನಲವತ್ತೈದು ದಿನದ ಮರಿಯ ವಿಷಯದಲ್ಲಿ ಈ ಅವಕಾಶವೇ ಇಲ್ಲ.

ಆಶ್ರಯಧಾಮವೆಂದರೆ ಬೀದಿನಾಯಿಗಳು ಮಾತ್ರ ಎಂಬ ಕಲ್ಪನೆಯೂ ಸರಿಯಲ್ಲ. ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಮಹಿಳೆ 1991ರಲ್ಲಿ ಸ್ಥಾಪಿಸಿದ 'ಕ್ಯೂಪಾ' ಸಂಸ್ಥೆಯಿಂದ ಹಿಡಿದು ಇತ್ತೀಚಿನ ಸಣ್ಣ ಸಣ್ಣ ಧಾಮಗಳವರೆಗೆ ವಿಚಾರಿಸಿ ನೋಡಿ. ಮನೆ ಬದಲಾಯಿಸುವಾಗ, ವಿದೇಶಕ್ಕೆ ಹೋಗುವಾಗ, ಮಗು ಹುಟ್ಟಿದಾಗ, ಕಾಯಿಲೆಯಾದಾಗ ಬಿಟ್ಟುಹೋದ ತಳಿಯ ನಾಯಿಗಳೂ ಇಂಥ ಕಡೆ ಬರುತ್ತವೆ. ಒಂದು ತಳಿಯ ಮೇಲೆ ಮನಸ್ಸಿದ್ದರೂ ಮೊದಲು ಹುಡುಕಬೇಕಾದ ಜಾಗ ಅದೇ.

ದತ್ತು ಕೊಡುವವರು ನೂರೆಂಟು ಪ್ರಶ್ನೆ ಕೇಳುತ್ತಾರೆ, ಮನೆ ನೋಡಲು ಬರುತ್ತಾರೆ, ಆಧಾರ್ ಪ್ರತಿ ಕೇಳುತ್ತಾರೆ ಎಂದು ಕೆಲವರಿಗೆ ಸಿಟ್ಟು. "ಹೆಣ್ಣು ಕೇಳಲು ಹೋದಾಗಲೂ ಇಷ್ಟು ಕೇಳಿರಲಿಲ್ಲ" ಎಂದು ನನ್ನ ತಮ್ಮನ ಅಳಿಯ ತಮಾಷೆ ಮಾಡುತ್ತಿದ್ದ. ನನಗಾದರೋ ಆ ಪ್ರಶ್ನೆಗಳೇ ಭರವಸೆ ಕೊಟ್ಟವು. ದುಡ್ಡು ಎಣಿಸಿಕೊಂಡು ಒಂದೂ ಪ್ರಶ್ನೆ ಕೇಳದೆ ಜೀವವನ್ನು ಒಪ್ಪಿಸುವವನನ್ನು ನಂಬುವುದು ಹೇಗೆ?

ಆದರೆ ದತ್ತು ಎಂದರೆ ಪುಣ್ಯಕಾರ್ಯವೆಂದು ಹೊರಟವರ ಬಗ್ಗೆಯೂ ನನಗೆ ಅಷ್ಟೇ ಅಂಜಿಕೆ. ನಮ್ಮ ಬೀದಿಯ ಕೊನೆಯ ಮನೆಯವರು ಒಂದು ಮಳೆಗಾಲದಲ್ಲಿ ಚರಂಡಿಯ ಬದಿಯಲ್ಲಿ ನೆನೆಯುತ್ತಿದ್ದ ಕಂತ್ರಿ ಮರಿಯನ್ನು ಎತ್ತಿಕೊಂಡು ಬಂದರು. ಬೀದಿಯೆಲ್ಲ ಹೊಗಳಿತು. ಎಂಟು ತಿಂಗಳಾದ ಮೇಲೆ ಅದು ಚಪ್ಪಲಿ ಕಡಿಯಿತು, ಹೊಸ ಹಾಸಿಗೆ ಹರಿಯಿತು, ರಾತ್ರಿ ಬೊಗಳಿತು. "ಇದು ಬೀದಿಯದೇ, ಬೀದಿಯಲ್ಲಿ ಬದುಕಿಕೊಳ್ಳುತ್ತದೆ" ಎಂದು ಹೊರಗೆ ಬಿಟ್ಟರು. ಬದುಕಿಕೊಳ್ಳಲಿಲ್ಲ. ಬೀದಿಯ ನಾಯಿಗಳಿಗೆ ತಮ್ಮ ತಮ್ಮ ಎಲ್ಲೆಗಳಿವೆ. ಮನೆಯೊಳಗೆ ಬೆಳೆದದ್ದಕ್ಕೆ ಆ ಎಲ್ಲೆಯೂ ತಿಳಿಯದು, ವಾಹನಗಳ ದಾರಿಯೂ ತಿಳಿಯದು. ಮೂರನೆಯ ದಿನ ಹಿಂಗಾಲು ಮುರಿದುಕೊಂಡು ಅದೇ ಮನೆಯ ಗೇಟಿನ ಮುಂದೆ ಮಲಗಿತ್ತು. ಪೌರಕಾರ್ಮಿಕ ಹೆಣ್ಣುಮಗಳೊಬ್ಬರು ತಳ್ಳುಗಾಡಿಯಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಒಯ್ದರು. ಅದು ಈಗ ಮೂರು ಕಾಲಿನಲ್ಲಿ ಅವರ ಮನೆಯಲ್ಲಿದೆ. ಮರಿಯನ್ನು ನೋಡಿದ ಕ್ಷಣದ ಕನಿಕರವೂ ಅಂಗಡಿಯಲ್ಲಿ ನೋಡಿದ ಕ್ಷಣದ ಆಸೆಯೂ ಒಂದೇ ಬಗೆಯವು. ಎಂಟು ತಿಂಗಳ ಮುಂದಕ್ಕೆ ಎರಡಕ್ಕೂ ಕಣ್ಣು ಕಾಣದು.

ನಾಯಿಗಳನ್ನು ದತ್ತು ತೆಗೆದುಕೊಂಡರೆ ಬೀದಿನಾಯಿಗಳ ಸಮಸ್ಯೆ ತೀರುತ್ತದೆಂದು ಹೇಳುವವರಿದ್ದಾರೆ. ಅದಕ್ಕೂ ಅಂಕಿಗಳನ್ನು ನೋಡಬೇಕು. ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ 2019ರಲ್ಲಿ ನಡೆಸಿದ ಸಮೀಕ್ಷೆಯಂತೆ ನಗರದಲ್ಲಿ ಸುಮಾರು 3.10 ಲಕ್ಷ ಬೀದಿನಾಯಿಗಳಿದ್ದವು. 2023ರ ಸಮೀಕ್ಷೆಯಲ್ಲಿ ಸುಮಾರು 2.79 ಲಕ್ಷ. ಇಷ್ಟನ್ನು ಮನೆಗೆ ತರುವುದು ಯಾರಿಂದಲೂ ಆಗದು. ಸಂಖ್ಯೆ ಇಳಿಯುವುದಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಇಳಿಯಬೇಕು. 2001ರ ನಿಯಮಗಳೂ ಅವುಗಳ ಜಾಗದಲ್ಲಿ ಬಂದ 2023ರ ನಿಯಮಗಳೂ ಹೇಳುವುದು ಅದನ್ನೇ. ಕಿವಿಯ ತುದಿಯನ್ನು ಸಣ್ಣದಾಗಿ ಕತ್ತರಿಸಿದ ನಾಯಿಗಳನ್ನು ನೀವು ಬೀದಿಯಲ್ಲಿ ಕಂಡಿದ್ದರೆ, ಅವು ಆ ಚಿಕಿತ್ಸೆಯಾದವು. ನಾನು ಬೆಳಗಿನ ನಡಿಗೆಗೆ ಕೋಲು ಹಿಡಿದೇ ಹೋಗುವವನು. ಕಚ್ಚಿಸಿಕೊಂಡವರ ನೋವನ್ನು ಹಗುರಾಗಿ ಕಾಣಲಾರೆ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ಆಶ್ರಯಧಾಮಗಳಿಗೆ ಸಾಗಿಸಬೇಕೆಂದು ಆದೇಶಿಸಿತು. ಆದೇಶ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಆದರೆ ಇರುವ ಧಾಮಗಳೇ ತುಂಬಿ ತುಳುಕುತ್ತಿರುವಾಗ, ಅಲ್ಲಿಂದ ಒಂದು ನಾಯಿ ಮನೆಗೆ ಹೋದರೆ ಒಂದು ಜಾಗ ಖಾಲಿಯಾಗುತ್ತದೆ. ದತ್ತು ಕೊಡುವ ಲಾಭ ಇಷ್ಟೆ. ಇಷ್ಟು ಸಾಲದೆ?

ನಾಯಿಯ ಬೆಲೆಯ ಮಾತು ಬಂದಾಗ ಎಲ್ಲರೂ ಧರ್ಮರಾಯನ ನಾಯಿಯ ಕಥೆ ಹೇಳುತ್ತಾರೆ. ನನಗೆ ಅದಕ್ಕಿಂತ ಹತ್ತಿರವಾದದ್ದು ಆತಕೂರಿನ ಕಾಳಿ. ಮದ್ದೂರು ತಾಲ್ಲೂಕಿನಲ್ಲಿ ನಾನು ಕೆಲಸ ಮಾಡುತ್ತಿದ್ದ ವರ್ಷಗಳಲ್ಲಿ ಓದಿದವರಿಗೆ ಇದು ನೆನಪಿರಬೇಕು. ಪ್ರವಾಸ ಹೋದಾಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲಿನ ಮುಂದೆ ನಿಮ್ಮನ್ನು ಸಾಲಾಗಿ ನಿಲ್ಲಿಸಿದ್ದೆ. ಕ್ರಿ.ಶ. 949-50ರ ಶಾಸನ ಅದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗ ಮೆಚ್ಚಿ, ಬೇಕಾದದ್ದನ್ನು ಕೇಳೆಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕಾಳಿಯೆಂಬ ನಾಯಿಯನ್ನು ಕೇಳಿದ. ಆ ನಾಯಿ ಮುಂದೆ ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಸತ್ತವು. ಮಣಲೇರ ಅದಕ್ಕಾಗಿ ಆತಕೂರಿನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಕಲ್ಲಿನ ಮೇಲೆ ನಾಯಿ ಮತ್ತು ಹಂದಿಯ ಕೆತ್ತನೆ ಇಂದಿಗೂ ಇದೆ. ಅದರ ಮುಂದೆ ನಿಂತಾಗ ಒಬ್ಬ ಹುಡುಗ "ಆ ನಾಯಿ ಯಾವ ಜಾತಿ ಸಾರ್?" ಎಂದು ಕೇಳಿದ್ದ. ಶಾಸನದಲ್ಲಿ ಅದರ ಹೆಸರಿದೆ, ಜಾತಿ ಇಲ್ಲ ಎಂದಿದ್ದೆ.

ಇಷ್ಟೆಲ್ಲ ಓದಿಯೂ ಕೊಂಡೇ ತರುತ್ತೇವೆ ಎನ್ನುವವರಿಗೆ ಒಂದು ಕೆಲಸ ಹೇಳುತ್ತೇನೆ. ಮುಂಗಡ ಕೊಡುವ ಮೊದಲು ಮರಿಯ ತಾಯಿಯನ್ನು ನೋಡಬೇಕೆಂದು ಕೇಳಿ. ಅದು ಇರುವ ಜಾಗದಲ್ಲಿಯೇ ನೋಡಬೇಕೆನ್ನಿ. ಎಷ್ಟನೆಯ ಸೂಲು, ವಯಸ್ಸೆಷ್ಟು, ನೋಂದಣಿ ಪತ್ರ ಎಲ್ಲಿ ಎಂದು ವಿಚಾರಿಸಿ. ಪ್ರಾಮಾಣಿಕವಾಗಿ ಸಾಕುವವರೂ ಇದ್ದಾರೆ. ಅವರು ಸಂತೋಷದಿಂದ ತೋರಿಸುತ್ತಾರೆ, ಮರಿ 56 ದಿನ ತುಂಬುವವರೆಗೆ ಕಾಯಿರಿ ಎನ್ನುತ್ತಾರೆ. "ತಾಯಿ ಊರಲ್ಲಿದೆ", "ಇವತ್ತು ಆಗಲ್ಲ", "ಇನ್ನೊಬ್ಬರು ಕೇಳ್ತಿದಾರೆ, ಬೇಗ ಹೇಳಿ" ಎಂಬ ಉತ್ತರ ಬಂದರೆ ಅಲ್ಲಿಂದ ಎದ್ದು ಬನ್ನಿ. ಕನಿಕರಪಟ್ಟು ಆ ಒಂದು ಮರಿಯನ್ನಾದರೂ ಬಿಡಿಸಿ ತರೋಣವೆನ್ನಬೇಡಿ. ನೀವು ಕೊಟ್ಟ ಹಣ ಆ ತಾಯಿಯನ್ನು ಮುಂದಿನ ಬೆದೆಗೆ ಮತ್ತೆ ಕಟ್ಟಿಸುತ್ತದೆ.

ನನ್ನ ವಯಸ್ಸಿನ ಬಂಧುಗಳಿಗೂ ಒಂದು ಮಾತು. ಮಕ್ಕಳು ಅಮೆರಿಕದಿಂದ ದುಡ್ಡು ಕಳಿಸಿ "ಅಪ್ಪ ಅಮ್ಮನಿಗೆ ಜೊತೆಗಿರಲಿ" ಎಂದು ಮರಿ ಕೊಡಿಸುವ ಪದ್ಧತಿ ಈಗ ಬಂದಿದೆ. ಎಪ್ಪತ್ತೈದು ದಾಟಿದ ನನ್ನಂಥವನು ಹನ್ನೆರಡು ವರ್ಷ ಬದುಕುವ, ದಿನಕ್ಕೆ ಎರಡು ಸಲ ಹಗ್ಗ ಎಳೆದೊಯ್ಯುವ ಮರಿಯನ್ನು ತರುವುದು ನನಗೂ ಕಷ್ಟ, ನನ್ನ ಅನಂತರ ಅದಕ್ಕೂ ಕಷ್ಟ. ಧಾಮಗಳಲ್ಲಿ ಎಂಟು ಒಂಬತ್ತು ವರ್ಷದ ನಾಯಿಗಳಿರುತ್ತವೆ. ಅವುಗಳನ್ನು ಕೇಳುವವರು ಕಡಿಮೆ. ಬಂದವರೆಲ್ಲ ಮರಿಗಳ ಕಡೆಗೇ ಹೋಗುತ್ತಾರೆ. ಅವು ನಿಧಾನವಾಗಿ ನಡೆಯುತ್ತವೆ, ಮಧ್ಯಾಹ್ನ ನಿದ್ದೆ ಮಾಡುತ್ತವೆ, ಚಪ್ಪಲಿ ಕಡಿಯುವುದಿಲ್ಲ. ರಾಣಿಗೆ ಈಗ ಹತ್ತು ವರ್ಷ. ಕಳೆದ ವರ್ಷ ಮೊಲೆಯಲ್ಲಿ ಗಂಟಾಗಿ ಶಸ್ತ್ರಚಿಕಿತ್ಸೆಗೆ 28,000 ರೂಪಾಯಿ ಖರ್ಚಾಯಿತು. ನನ್ನ ತಮ್ಮನ ಮಗಳು ಅದನ್ನು ಯಾರಿಗೂ ಹೇಳಿಕೊಳ್ಳಲಿಲ್ಲ, ಲೆಕ್ಕ ಕೇಳುವ ಚಾಳಿಯಿಂದ ನಾನೇ ಕೇಳಿ ತಿಳಿದೆ. ನಮ್ಮ ಮನೆಗೆ ಬಂದರೆ ಈಗ ಅವಳು ನೇರವಾಗಿ ಹಿತ್ತಲಿನ ಹುಲ್ಲಿಗೆ ಹೋಗಿ ಬೆನ್ನು ಕೆಳಗೆ ಮಾಡಿ ಹೊರಳಾಡುತ್ತಾಳೆ. ಎಬ್ಬಿಸಿ ಒಳಗೆ ಕರೆತರಲು ನನ್ನ ಹೆಂಡತಿ ಬಿಸ್ಕತ್ತು ತೋರಿಸಬೇಕು.